ಕಸುಬು ಕಲಿಸಿ ಕೂಲಿಗೂ ದಾರಿ ಮಾಡಿದ ನಾಲ್ವಡಿ: ಬದನವಾಳು ರಾಟೆಯಿಂದ ಮೈಸೂರು ಸೋಪಿನವರೆಗೆ

ನಂಜನಗೂಡು: ನಾಲ್ವಡಿ ಕೃಷ್ಣರಾಜ ಒಡೆಯರು ಅಂದ್ರೆ ಕನ್ನಂಬಾಡಿ ಕಟ್ಟೆ ಅಂತ ಶಾಲೆ ಮಕ್ಕಳೂ ಹೇಳ್ತಾರೆ. ಆದ್ರೆ ಕಸುಬು ಕಲಿಸುವ ಜಾಗ, ಕಲಿತವರಿಗೆ ಕೆಲಸ ಕೊಡುವ ಜಾಗ ಎರಡೂ ಅಕ್ಕಪಕ್ಕದಲ್ಲೇ ಇರಬೇಕು ಅನ್ನೋ ಲೆಕ್ಕಾಚಾರ ಅವರ ಆಡಳಿತದಲ್ಲಿ ಹೇಗೆ ನಡೀತು ಅನ್ನೋದು ಅಷ್ಟಾಗಿ ಮಾತಿಗೆ ಬರೋದಿಲ್ಲ.

ನಾಲ್ವಡಿಯವರು ಹುಟ್ಟಿದ್ದು 1884ರ ಜೂನ್ 4ರಂದು. ಹತ್ತು ವರ್ಷದವರಿದ್ದಾಗ ತಂದೆ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗ ದೊಡ್ಡವನಾಗುವ ತನಕ ತಾಯಿ ಕೆಂಪನಂಜಮ್ಮಣ್ಣಿಯವರೇ ರೀಜೆಂಟ್ ಆಗಿ ರಾಜ್ಯ ನೋಡಿಕೊಂಡರು. 1902ರ ಆಗಸ್ಟ್ 8ರಂದು ಅಧಿಕಾರ ಮಗನ ಕೈಗೆ ಬಂತು. ಆಗ ಅವರಿಗೆ ಬರೀ 18 ವರ್ಷ.

1912ರಲ್ಲಿ ಮೈಸೂರಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯ್ತು, ಮಗ್ಗಗಳು ಸ್ವಿಟ್ಜರ್ಲೆಂಡಿನಿಂದ ಬಂದವು. ಮಾರನೇ ವರ್ಷ ಚಾಮರಾಜೇಂದ್ರ ತಾಂತ್ರಿಕ ಶಾಲೆ. ಈಗ ಸಯ್ಯಾಜಿರಾವ್ ರಸ್ತೆಯಲ್ಲಿ ಕಾವೇರಿ ಎಂಪೋರಿಯಂ ಇರೋ ಕಟ್ಟಡ ಅದೇ. ಬೀಟೆ ಮರದ ಕುಸುರಿ, ಗಂಧದ ಕೆತ್ತನೆ, ಚಿತ್ರಕಲೆ ಎಲ್ಲ ಅಲ್ಲಿ ಕಲಿಸ್ತಿದ್ದರು.

ಮೊದಲ ಮಹಾಯುದ್ಧ ಬಂದು ಯುರೋಪಿಗೆ ಹೋಗ್ತಿದ್ದ ಗಂಧದ ಮರದ ವ್ಯಾಪಾರ ನಿಂತಿತು. ಕೊರಡುಗಳು ರಾಶಿ ಬಿದ್ದವು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯ. ಇಲ್ಲೇ ಎಣ್ಣೆ ತೆಗೆಯೋದು ಅಂತ ತೀರ್ಮಾನ ಆಯ್ತು. ಸೋಪು ಮಾಡೋ ವಿದ್ಯೆ ಕಲಿಯೋಕೆ ಸರ್ಕಾರ ಇಂಗ್ಲೆಂಡಿಗೆ ಕಳಿಸಿದ್ದು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನ. ಹೆಸರಲ್ಲೇ ಎರಡು ತಾಲ್ಲೂಕು! ಸೋಸಲೆ ನರಸೀಪುರ ತಾಲ್ಲೂಕಿನ ಊರು, ಗರಳಪುರಿ ಅಂದ್ರೆ ನಂಜನಗೂಡೇ. ಅವರು ವಾಪಸ್ ಬಂದ ಮೇಲೆ ಬೆಂಗಳೂರಿನಲ್ಲಿ ಮೈಸೂರು ಸ್ಯಾಂಡಲ್ ಸೋಪು ತಯಾರಾಯ್ತು. ಜನ ಅವರನ್ನು ಸೋಪ್ ಶಾಸ್ತ್ರಿ ಅಂತಲೇ ಕರೆದರು.

ಆದ್ರೆ ವಿಲಾಯಿತಿಗೆ ಹೋಗೋ ಅವಕಾಶ ಓದಿದವರಿಗೆ ಮಾತ್ರ. ಓದು ಕೆಲವೇ ಜಾತಿಯವರ ಕೈಲಿತ್ತು. ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೂ ಪಾಲು ಸಿಗಬೇಕು ಅಂತ ನಾಲ್ವಡಿಯವರ ಸರ್ಕಾರ 1918ರಲ್ಲಿ ಮಿಲ್ಲರ್ ಸಮಿತಿ ಮಾಡಿತು. ಈ ವಿಚಾರದಲ್ಲಿ ಅರಸರಿಗೂ ದಿವಾನರಿಗೂ ಹೊಂದಿಕೆ ಆಗಲಿಲ್ಲ, ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟರು.

ಅಕ್ಷರವೇ ಬಾರದ ಬಡವರ ಮನೆ ಬಾಗಿಲಿಗೆ ಬಂದ ಕೆಲಸ ಅಂದ್ರೆ ನಂಜನಗೂಡು ತಾಲ್ಲೂಕಿನ ಬದನವಾಳಿನದು. ತಗಡೂರು ರಾಮಚಂದ್ರರಾಯರು ಈ ಭಾಗದ ಹಳ್ಳಿಗಳಲ್ಲಿ ಆಗಲೇ ಖಾದಿ ಪ್ರಚಾರ ಮಾಡ್ತಿದ್ದರು. 1927ರಲ್ಲಿ ಸರ್ಕಾರದ ಬೆಂಬಲದಿಂದಲೇ ಬದನವಾಳಿನಲ್ಲಿ ಖಾದಿ ಕೇಂದ್ರ ತೆರೆಯಿತು. ಬ್ರಿಟಿಷರ ಕಣ್ಗಾವಲಿನ ಸಂಸ್ಥಾನವೊಂದು ಕಾಂಗ್ರೆಸ್‌ನವರ ಖಾದಿಗೆ ಕೈಜೋಡಿಸಿದ್ದು ಸಣ್ಣ ವಿಷಯ ಅಲ್ಲ.

ಕೇಂದ್ರದ ವ್ಯವಹಾರ ಸರಳ. ಹೆಂಗಸರಿಗೆ ನೂಲೋದು ಹೇಳಿಕೊಡೋದು, ಹಂಜಿ ಕೊಡೋದು, ನೂತು ತಂದ ನೂಲನ್ನು ಅಲ್ಲೇ ತಗೊಂಡು ಕಾಸು ಕೊಡೋದು. ಆ ನೂಲು ನೇಕಾರರ ಮಗ್ಗಕ್ಕೆ ಹೋಗ್ತಿತ್ತು. ಮಳೆ ನಂಬಿದ ಹೊಲ, ಕೊಯ್ಲು ಮುಗಿದ ಮೇಲೆ ಕೂಲಿ ಇರ್ತಿರಲಿಲ್ಲ. ಅಂಥ ತಿಂಗಳಲ್ಲಿ ರಾಟೆ ಮುಂದೆ ಕೂತರೆ ಉಪ್ಪು ಮೆಣಸಿನಕಾಯಿಗೆ ಆಗ್ತಿತ್ತು. ಸಂತೆ ಅಂಗಡಿಯವರಿಗೂ ಅದೇ ದುಡ್ಡು ಬಂದು ಸೇರ್ತಿತ್ತು. ಕಲಿಸಿದವರೇ ಕೊಂಡುಕೊಳ್ತಿದ್ದರಿಂದ ಕಲಿತದ್ದು ದಂಡ ಆಗಲಿಲ್ಲ. ಈಗ ಟೈಲರಿಂಗ್, ಕಂಪ್ಯೂಟರ್ ಸರ್ಟಿಫಿಕೇಟ್ ಇಟ್ಟುಕೊಂಡು ಮನೇಲಿ ಕೂತಿರೋ ಹುಡುಗ ಹುಡುಗಿಯರನ್ನ ನೋಡಿದರೆ ಇದರ ಬೆಲೆ ಗೊತ್ತಾಗುತ್ತೆ. ಗಾಂಧೀಜಿಯವರೂ ಬದನವಾಳಿಗೆ ಬಂದು ಹೋಗಿದ್ದಾರೆ.

ಹಾಗಂತ ರಾಟೆಯಿಂದ ಯಾರೂ ಸಾಹುಕಾರರಾಗಲಿಲ್ಲ. ನೂಲಿನ ಕೂಲಿ ಯಾವತ್ತೂ ಕಡಿಮೆಯೇ.

1940ರ ಆಗಸ್ಟ್ 3ರಂದು ನಾಲ್ವಡಿಯವರು ಬೆಂಗಳೂರಿನಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ, ತಮ್ಮನ ಮಗ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ಮೈಸೂರಿನ ನೇಯ್ಗೆ ಕಾರ್ಖಾನೆ ಈಗ ಕೆಎಸ್‌ಐಸಿ ಕೈಲಿದೆ. ಅಲ್ಲಿನ ಸೀರೆಗೆ ನೂಲು ಹೋಗೋದು ಟಿ. ನರಸೀಪುರದ ರೇಷ್ಮೆ ಕಾರ್ಖಾನೆಯಿಂದ. ಬದನವಾಳಿನ ಕೇಂದ್ರ ಮಾತ್ರ ಬಡವಾಯ್ತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಕೈ ಉತ್ಪನ್ನಗಳನ್ನು ಉಳಿಸಿಕೊಳ್ಳಬೇಕು ಅಂತ ಸತ್ಯಾಗ್ರಹಕ್ಕೆ ಕೂತಿದ್ದು ಅಲ್ಲೇ.