ಗೌಹರ್ ಜಾನಳ ಮೂರು ನಿಮಿಷ

ಕಡೂರಿನ ನನ್ನ ವಿದ್ಯಾರ್ಥಿಯೊಬ್ಬನು ಹೊಸ ಸಿಂಥಸೈಜರಿನಿಂದ ಮನೆಯಲ್ಲಿಯೇ ಹಳೆಯ ಗ್ರಾಮಫೋನ್ ತಟ್ಟೆಯಂಥ ಸಂಗೀತವನ್ನು ಮುದ್ರಿಸಿ ಕೇಳಿಸಿದನು. ಕರಕರ ಸದ್ದನ್ನೂ ಬೇಕೆಂದೇ ಬೆರೆಸಿದ್ದನು. ನಮ್ಮ ದೇಶದಲ್ಲಿ ಆ ಸದ್ದಿನ ನಡುವೆ ಮೊದಮೊದಲು ಹಾಡಿದವರಲ್ಲಿ ಗೌಹರ್ ಜಾನ್ ಒಬ್ಬಳು.

1873ರಲ್ಲಿ ಆಜಮ್‌ಗಢದಲ್ಲಿ ಹುಟ್ಟಿದ ಈಕೆ ಹೆಸರಾದುದು ಕಲಕತ್ತೆಯಲ್ಲಿ. 1902ರಲ್ಲಿ ಅಲ್ಲಿನ ಹೋಟೆಲೊಂದರ ಕೋಣೆಯೇ ಧ್ವನಿಮುದ್ರಣದ ಮನೆಯಾಯಿತು. ಮೈಕಿಲ್ಲ, ಕಹಳೆಯಂಥ ಕೊಳವೆಯೊಳಕ್ಕೆ ಗಂಟಲೆತ್ತಿ ಹಾಡಬೇಕು. ತಾಸುಗಟ್ಟಲೆ ಬೆಳೆಸುವ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಇಳಿಸಬೇಕು. ಅನೇಕ ಉಸ್ತಾದರು ಹಿಂಜರಿದ ಕೆಲಸವದು. ಆಕೆ ಹಾಡಿದಳು, ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರಿದಳು. ಇದನ್ನು ರಾಗದ ಮೊಟಕೆನ್ನಲಾರೆ. ಹೊಸ ಅಚ್ಚಿಗೆ ತಕ್ಕ ಎರಕವೆನ್ನುವೆನು.

ಗಳಿಸಿದ ಸಂಪತ್ತು ವ್ಯಾಜ್ಯಗಳಲ್ಲಿ ಕರಗಿತು. 1928ರಲ್ಲಿ ಮೈಸೂರು ಅರಸರ ಆಶ್ರಯಕ್ಕೆ ಬಂದ ಆಕೆ, 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡಳು.