ಹುದ್ದೆ ಹೋದರೂ ನಿಲ್ಲದ ದುಡಿಮೆ: ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ

ಶಿಬಿರ ಅಥವಾ ಧ್ಯಾನಕೂಟ ಮುಗಿಸಿ ಬಂದ ಮೊದಲ ವಾರ ನಮ್ಮಲ್ಲಿ ಎಲ್ಲಿಲ್ಲದ ಹುರುಪು ಇರುತ್ತದೆ. ಯುವ ಸಂಘಟನೆಗೆ ಹೊಸ ಪದಾಧಿಕಾರಿಗಳು ಬಂದಾಗಲೂ, ವಾಳೆಯಲ್ಲಿ ಹೊಸ ಯೋಜನೆ ಶುರುವಾದಾಗಲೂ ಅಷ್ಟೇ. ಮೂರು ತಿಂಗಳು ಕಳೆಯುವಷ್ಟರಲ್ಲಿ ಸಭೆಗೆ ಬರುವವರು ಕಡಿಮೆಯಾಗುತ್ತಾರೆ, ಒಪ್ಪಿಕೊಂಡ ಕೆಲಸ ಗುರಿಕಾರರ ಒಬ್ಬರ ಹೆಗಲಿಗೆ ಬೀಳುತ್ತದೆ. ಹುರುಪು ಇಳಿದ ಮೇಲೆ ಕೆಲಸ ಮುಂದುವರಿಸುವುದು ಹೇಗೆ? ಇದಕ್ಕೆ ಉತ್ತರವನ್ನು ತಮ್ಮ ಬದುಕಿನಲ್ಲೇ ಕೊಟ್ಟವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ಹೆಸರುಗಳು ಕರಾವಳಿಯ ನಮ್ಮ ಕಿವಿಗೆ ಹೆಚ್ಚಾಗಿ ಬಿದ್ದದ್ದು ಎತ್ತಿನಹೊಳೆ ಯೋಜನೆಯ ಚರ್ಚೆಯಲ್ಲಿ. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕೆರೆ ಮತ್ತು ಕೊಳವೆಬಾವಿಗಳನ್ನು ನಂಬಿದ ಸೀಮೆ ಅದು. ಅಲ್ಲಿ ನಂದಿ ಬೆಟ್ಟದ ತಪ್ಪಲಿನಲ್ಲಿರುವ ಊರು ಮುದ್ದೇನಹಳ್ಳಿ. ಮುಂದೆ ನೀರನ್ನು ಕಟ್ಟಿ ನಿಲ್ಲಿಸುವುದರಲ್ಲಿ ದೇಶಕ್ಕೇ ಹೆಸರಾದ ಇಂಜಿನಿಯರ್ ಹುಟ್ಟಿದ್ದು ಇಂತಹ ಒಣ ನಾಡಿನಲ್ಲಿ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ನಮ್ಮ ದೇಶದಲ್ಲಿ ಇಂಜಿನಿಯರ್‌ಗಳ ದಿನವಾಗಿ ಆಚರಿಸಲಾಗುತ್ತದೆ.

ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮಗ ಶಾಲೆಯಲ್ಲಿದ್ದಾಗಲೇ ಅವರು ತೀರಿಕೊಂಡರು. ಬೆಂಗಳೂರಿಗೆ ಬಂದ ಹುಡುಗ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ನಿಭಾಯಿಸುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದ. ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿಗೆ ಅವರು ರೂಪಿಸಿದ ತಾನೇ ತೆರೆದು ಮುಚ್ಚುವ ಬಾಗಿಲುಗಳು ಹೆಸರಾದವು.

ಆ ಕಾಲದಲ್ಲಿ ಇಲಾಖೆಯ ಅತ್ಯುನ್ನತ ಹುದ್ದೆಗಳು ಭಾರತೀಯರಿಗೆ ಸಿಗುವುದು ಬಹಳ ಕಷ್ಟವಿತ್ತು. 1908ರಲ್ಲಿ ಅವರು ತಾವಾಗಿಯೇ ನಿವೃತ್ತಿ ಬಯಸಿ ಹೊರಬಂದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ನಿಜಾಮರ ಸರಕಾರ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ನದಿಯ ಮೇಲ್ಭಾಗದಲ್ಲಿ ನೀರನ್ನು ತಡೆದು ನಿಲ್ಲಿಸುವ ಯೋಜನೆಯನ್ನು ಅವರು ಹಾಕಿಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಅದರ ಫಲ.

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. 1912ರಲ್ಲಿ ದಿವಾನರಾದರು. ಮೈಸೂರು ಬ್ಯಾಂಕ್ (1913), ಕನ್ನಡ ಸಾಹಿತ್ಯ ಪರಿಷತ್ತು (1915), ಮೈಸೂರು ವಿಶ್ವವಿದ್ಯಾನಿಲಯ (1916) ಹುಟ್ಟಿದ್ದು ಅವರ ಆಡಳಿತದಲ್ಲೇ. ಇಷ್ಟು ಕಥೆ ಶಾಲಾ ಪುಸ್ತಕಗಳಲ್ಲೂ ಇದೆ. ನಾವು ಗಮನಿಸಬೇಕಾದದ್ದು ಇದರ ನಂತರದ ಕಥೆ.

ಸರಕಾರಿ ಉದ್ಯೋಗಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಹೆಚ್ಚಿನ ಪಾಲು ಕೊಡುವ ವಿಷಯದಲ್ಲಿ ಅವರಿಗೂ ಅರಮನೆಗೂ ಭಿನ್ನಾಭಿಪ್ರಾಯ ಬಂತು. 1918ರ ಕೊನೆಗೆ ಅವರು ದಿವಾನಗಿರಿಯಿಂದ ಸರಿದರು. ಆ ವಿಷಯದಲ್ಲಿ ಅವರ ನಿಲುವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಆಗ ಕನ್ನಂಬಾಡಿ ಕಟ್ಟೆ ಪೂರ್ಣವಾಗಿರಲಿಲ್ಲ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆಯನ್ನೇ ಆರಂಭಿಸಿರಲಿಲ್ಲ. ವಯಸ್ಸು ಅರುವತ್ತರ ಹತ್ತಿರ. ಕೈಯಲ್ಲಿ ಅಧಿಕಾರವಿಲ್ಲ, ಅರ್ಧ ಮುಗಿದ ಕೆಲಸ ಬೇರೆಯವರ ಪಾಲಾಗಿದೆ. ಬೇಸರಪಟ್ಟು ಮನೆಯಲ್ಲಿ ಕೂತಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ.

ಅವರು ಕೂರಲಿಲ್ಲ. 1919-20ರಲ್ಲಿ ಜಪಾನ್, ಅಮೆರಿಕ, ಯುರೋಪ್ ಸುತ್ತಿ ಅಲ್ಲಿನ ಉದ್ಯಮಗಳನ್ನು ನೋಡಿ, ಭಾರತದ ಪುನರ್ನಿರ್ಮಾಣದ ಬಗ್ಗೆ ಪುಸ್ತಕ ಬರೆದರು. 1923ರಲ್ಲಿ ಭದ್ರಾವತಿ ಕಾರ್ಖಾನೆ ಸಂಕಟದಲ್ಲಿದ್ದಾಗ, ಹಿಂದೆ ದಿವಾನರಾಗಿದ್ದವರು ಅದರ ಮಂಡಳಿಯ ಅಧ್ಯಕ್ಷರಾಗಲು ಒಪ್ಪಿಕೊಂಡರು. ಮಾರುಕಟ್ಟೆಯಲ್ಲಿ ಕಬ್ಬಿಣದ ಬೆಲೆ ಕುಸಿದಿತ್ತು, ಕಾರ್ಖಾನೆ ಮುಚ್ಚಬೇಕೆಂಬ ಮಾತೂ ಇತ್ತು. ಅದು ಹೊಗಳಿಕೆ ಸಿಗುವ ಜಾಗವಾಗಿರಲಿಲ್ಲ. ಖರ್ಚು ತಗ್ಗಿಸುವುದು, ನಮ್ಮವರನ್ನು ಕೆಲಸಕ್ಕೆ ತಯಾರು ಮಾಡುವುದು, ದಿನದ ಲೆಕ್ಕ ನೋಡುವುದು ಎಂಬ ನೀರಸ ಕೆಲಸವನ್ನು 1929ರವರೆಗೆ ಮಾಡಿ ಕಾರ್ಖಾನೆಯನ್ನು ಉಳಿಸಿದರು. ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಬೆಂಗಳೂರಿನಲ್ಲಿ ಯುವಕರಿಗೆ ವೃತ್ತಿ ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಕನ್ನಂಬಾಡಿ ಕಟ್ಟೆ ಪೂರ್ಣಗೊಂಡದ್ದು 1930ರ ದಶಕದ ಆರಂಭದಲ್ಲಿ, ಅವರು ಅಧಿಕಾರ ಬಿಟ್ಟು ಹನ್ನೆರಡಕ್ಕೂ ಹೆಚ್ಚು ವರ್ಷಗಳ ನಂತರ.

1934ರಲ್ಲಿ ದೇಶದ ಯೋಜಿತ ಆರ್ಥಿಕತೆಯ ಬಗ್ಗೆ ಪುಸ್ತಕ ಪ್ರಕಟಿಸಿದರು. ತೊಂಬತ್ತರ ಸಮೀಪದಲ್ಲಿ ಹಳ್ಳಿಗಳಲ್ಲಿ ಸಣ್ಣ ಕೈಗಾರಿಕೆ ಬೆಳೆಸುವ ಯೋಜನೆ ರೂಪಿಸಿದರು. 1950ರ ಸುಮಾರಿಗೆ ಮೈಸೂರು ಸರಕಾರ ಅದನ್ನು ಪ್ರಯೋಗಕ್ಕೆ ಎತ್ತಿಕೊಂಡದ್ದು ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ. ನಾವು ಮೇಲೆ ಹೆಸರಿಸಿದ ನಾಲ್ಕೂ ತಾಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದವು. ಹೀಗೆ ಅವರ ಕೊನೆಗಾಲದ ದುಡಿಮೆ ಹುಟ್ಟಿದ ಸೀಮೆಯತ್ತಲೇ ತಿರುಗಿತು. ತೊಂಬತ್ತು ದಾಟಿದ ಮೇಲೆ ಬಿಹಾರದಲ್ಲಿ ಗಂಗಾ ಸೇತುವೆಗೆ ಜಾಗ ಗುರುತಿಸುವ ಕೆಲಸವನ್ನೂ ವಹಿಸಿಕೊಂಡರು. ಮೊಕಾಮಾದ ಆ ಸೇತುವೆ 1959ರಲ್ಲಿ ತೆರೆಯಿತು. 1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ದಾಟಿ ಅವರು ನಿಧನರಾದರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ.

ದಿವಾನಗಿರಿ ಬಿಟ್ಟ ಮೇಲೆ 43 ವರ್ಷ ಅವರನ್ನು ನಡೆಸಿದ್ದು ಯಾವುದು? ಹುರುಪು ಅಷ್ಟು ಕಾಲ ಉಳಿಯುವ ವಸ್ತುವಲ್ಲ. ಅವರ ದಿನಕ್ಕೆ ವೇಳಾಪಟ್ಟಿ ಇತ್ತು, ನಡಿಗೆಗೂ ಓದಿಗೂ ಗೊತ್ತಾದ ಹೊತ್ತಿತ್ತು. ಮಾಡಬೇಕಾದ್ದನ್ನು ಬರೆದಿಟ್ಟು, ಬರೆದದ್ದನ್ನು ಮತ್ತೆ ಮತ್ತೆ ತಿದ್ದುತ್ತಿದ್ದರು. ಮನಸ್ಸು ಬಂದರೆ ಮಾಡೋಣ ಎಂಬುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ದೊಡ್ಡ ಹುದ್ದೆ ಹೋದಾಗ ಅದಕ್ಕಿಂತ ಚಿಕ್ಕ ಹೊಣೆ ಹೊರಲು ನಾಚಲಿಲ್ಲ ಎಂಬುದು ಇನ್ನೂ ಮುಖ್ಯ.

ನಮ್ಮ ಸಂಘ ಸಂಸ್ಥೆಗಳಲ್ಲಿ ಅವಧಿ ಮುಗಿದ ಅಧ್ಯಕ್ಷರು, ಕಾರ್ಯದರ್ಶಿಗಳು ಮರುವರ್ಷ ಸಭೆಗೇ ಬಾರದಿರುವುದನ್ನು ನಾವು ನೋಡಿದ್ದೇವೆ. ಹೊಸ ಸಮಿತಿಗೆ ಲೆಕ್ಕ ಬರೆದುಕೊಡುವವರು, ಮಕ್ಕಳಿಗೆ ಪಾಠ ಹೇಳುವವರು, ರೋಗಿಗಳ ಮನೆಗೆ ಹೋಗಿಬರುವವರು ಯಾವಾಗಲೂ ಬೇಕು. ಸ್ಫೂರ್ತಿ ತುಂಬುವ ಇನ್ನೊಂದು ಭಾಷಣಕ್ಕಾಗಿ ಕಾಯುವುದು ಬೇಡ. ಈ ವಾರ ಯಾವ ದಿನ, ಎಷ್ಟು ಗಂಟೆಗೆ, ಯಾವ ಕೆಲಸ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಅದರಂತೆ ಹೊರಟರೆ ಸಾಕು.