ಮೈ ಬಗ್ಗದು ಎಂದರು ತಾಯಿ, ಜಗತ್ತಿಗೇ ಕುಣಿತ ಕಲಿಸಿದ ಮಗ: ಇದು ಫ್ರಾಂಕಿ ಮ್ಯಾನಿಂಗ್ ಕಥೆ

ಜೋಡಿ ನೃತ್ಯ ಕಲಿಯಲು ಹೊರಟವರನ್ನು ಮೊದಲು ಕಾಡುವುದು ಮೈ ಬಗ್ಗುವುದಿಲ್ಲ ಎಂಬ ಅಳುಕು. ಸ್ವಿಂಗ್ ಜಾಝ್ ಸಂಗೀತಕ್ಕೆ ಕುಣಿಯುವ 'ಲಿಂಡಿ ಹಾಪ್' ನೃತ್ಯದ ದಂತಕಥೆ ಫ್ರಾಂಕಿ ಮ್ಯಾನಿಂಗ್ ಕೂಡ ಈ ಮಾತು ಕೇಳಿದ್ದರು. ಹೇಳಿದವರು ಸ್ವತಃ ಅವರ ತಾಯಿ!

1914ರ ಮೇ 26ರಂದು ಅಮೆರಿಕದ ಫ್ಲಾರಿಡಾದಲ್ಲಿ ಜನಿಸಿದ ಫ್ರಾಂಕಿ, ಮೂರನೇ ವಯಸ್ಸಿನಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ಗೆ ಬಂದರು. ಕುಣಿತವೆಂದರೆ ಪ್ರಾಣವಾಗಿದ್ದ ತಾಯಿ, ಮಗನ ಮೈ ತೀರಾ ಬಿಗಿ, ಅವನು ನೃತ್ಯಗಾರನಾಗಲಾರ ಎಂದುಬಿಟ್ಟರು. ಮಗ ಮುನಿಸಿಕೊಂಡು ಕೂರಲಿಲ್ಲ. ಕೋಣೆಯಲ್ಲಿ ರೆಕಾರ್ಡ್ ಹಾಕಿ, ಪೊರಕೆಯನ್ನೇ ಜೊತೆಗಾತಿ ಮಾಡಿಕೊಂಡು ಅಭ್ಯಾಸಕ್ಕಿಳಿದರು.

ಮೆಟ್ಟಿಲು ಮೆಟ್ಟಿಲಾಗಿ ಕಲಿಕೆ

ಮೊದಲು ಅಲ್ಹಾಂಬ್ರಾ, ಬಳಿಕ ರಿನೈಸಾನ್ಸ್, ಕೊನೆಗೆ ಸವಾಯ್. ಹಾರ್ಲೆಮ್‌ನ ಈ ಮೂರು ನೃತ್ಯಮಂದಿರಗಳೇ ಅವರ ಪಾಠಶಾಲೆ. 1926ರಲ್ಲಿ ಆರಂಭವಾದ ಸವಾಯ್‌ನಲ್ಲಿ ಕರಿಯರು, ಬಿಳಿಯರು ಒಂದೇ ನೆಲದ ಮೇಲೆ ಕುಣಿಯುತ್ತಿದ್ದರು. ಆಗಿನ ಅಮೆರಿಕದಲ್ಲಿ ಇದು ಅಪರೂಪ. ಅಲ್ಲಿನ ಒಂದು ಮೂಲೆ ಅತ್ಯುತ್ತಮ ನೃತ್ಯಗಾರರಿಗೇ ಮೀಸಲು. ಫ್ರಾಂಕಿ ನೋಡಿ ನೋಡಿ ಕಲಿತು ಆ ಮೂಲೆ ತಲುಪಿದರು.

ಹತ್ತಿರ ಬಂದು ಸುತ್ತಿ, ಕೈ ಬಿಡದೆ ದೂರ ಸರಿಯುವ 'ಸ್ವಿಂಗ್ ಔಟ್' ಈ ನೃತ್ಯದ ಮೂಲ ಹೆಜ್ಜೆ. ಉಳಿದವರು ನೆಟ್ಟಗೆ ನಿಂತು ಕುಣಿಯುತ್ತಿದ್ದರೆ, ಫ್ರಾಂಕಿ ಓಟಗಾರನಂತೆ ಮುಂದಕ್ಕೆ ಬಾಗಿ ಕುಣಿದರು. ಬಿಗಿ ಮೈಯ ಹುಡುಗನ ಈ ಭಂಗಿಯೇ ಮುಂದೆ ಲಿಂಡಿ ಹಾಪ್‌ನ ಗುರುತಾಯಿತು.

1935ರ ಸ್ಪರ್ಧೆಯಲ್ಲಿ ಜೊತೆಗಾತಿ ಫ್ರೀಡಾ ವಾಷಿಂಗ್ಟನ್ ಅವರನ್ನು ತಮ್ಮ ಬೆನ್ನ ಮೇಲಿಂದ ಉರುಳಿಸಿ ಮುಂದೆ ಇಳಿಸಿದಾಗ ಸವಾಯ್ ದಂಗಾಯಿತು. ಹಾಸಿಗೆ ಹಾಸಿಕೊಂಡು ಇಬ್ಬರೂ ಬಿದ್ದೆದ್ದು ಕಲಿತಿದ್ದ ಪಟ್ಟು ಅದು. 1941ರ 'ಹೆಲ್ಝಾಪಾಪಿನ್' ಚಿತ್ರದಲ್ಲಿ ಅವರ ತಂಡದ ನೃತ್ಯವನ್ನು ಕಲಿಯುವವರು ಇಂದಿಗೂ ಮತ್ತೆ ಮತ್ತೆ ನೋಡುತ್ತಾರೆ.

ಅಂಚೆ ಕಚೇರಿಯಿಂದ ಮತ್ತೆ ಅಂಗಳಕ್ಕೆ

ಎರಡನೇ ಮಹಾಯುದ್ಧದಲ್ಲಿ ಸೇನೆಗೆ ಸೇರಿ ಮರಳುವಷ್ಟರಲ್ಲಿ ಜನರ ಅಭಿರುಚಿ ಬದಲಾಗಿತ್ತು. ಸ್ವಂತ ತಂಡ ಕಟ್ಟಿದರೂ ಅದು ಉಳಿಯಲಿಲ್ಲ. 1955ರಲ್ಲಿ ಅಂಚೆ ಇಲಾಖೆ ಸೇರಿದ ಫ್ರಾಂಕಿ ಸುಮಾರು 30 ವರ್ಷ ಅಲ್ಲೇ ದುಡಿದರು. 1958ರಲ್ಲಿ ಸವಾಯ್ ಕೂಡ ಮುಚ್ಚಿತು.

1986ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಯುವ ನೃತ್ಯಗಾರರು ಅವರನ್ನು ಹುಡುಕಿಕೊಂಡು ಬಂದರು. ತಮಗೆ ಕಲಿಸಲು ಬಾರದು ಎಂದು ಮೊದಲು ಹಿಂಜರಿದ ಫ್ರಾಂಕಿ, ಆಮೇಲೆ ಪಾಠ ನಿಲ್ಲಿಸಲೇ ಇಲ್ಲ. ಸ್ವೀಡನ್‌ನ ಹೆರ‍್ರಾಂಗ್ ನೃತ್ಯ ಶಿಬಿರಕ್ಕೆ ವರ್ಷ ವರ್ಷವೂ ಹೋದರು. 1989ರಲ್ಲಿ 'ಬ್ಲ್ಯಾಕ್ ಅಂಡ್ ಬ್ಲೂ' ನೃತ್ಯ ಸಂಯೋಜನೆಗಾಗಿ ಟೋನಿ ಪ್ರಶಸ್ತಿ ಹಂಚಿಕೊಂಡರು.

ನಮ್ಮ ನಟ್ಟುವನಾರ್‌ಗಳು ಸೊಲ್ಲುಕಟ್ಟು ಹೇಳುವಂತೆ, ಅವರು ಬಾಯಲ್ಲೇ ಲಯ ನುಡಿದು ಹೆಜ್ಜೆ ಹಾಕಿಸುತ್ತಿದ್ದರು. ಹೊಸಬರಿರಲಿ, ಪಳಗಿದವರಿರಲಿ, ಮೊದಲ ಪಾಠ ಒಂದೇ: ಜೊತೆಗಾರರಿಗೆ ತಲೆಬಾಗಿ ವಂದಿಸಿ, ಸಂಗೀತಕ್ಕೆ ಕಿವಿಗೊಡುವುದು. ಮೈ ಹಾರಿಸುವ ಪಟ್ಟುಗಳನ್ನು ತಂದವರೇ ಜೊತೆಗಾರರ ಮೇಲಿನ ಗೌರವವನ್ನು ಎಲ್ಲಕ್ಕಿಂತ ಮೇಲಿಟ್ಟರು.

95ನೇ ಹುಟ್ಟುಹಬ್ಬಕ್ಕೆ ಒಂದು ತಿಂಗಳಿರುವಾಗ, 2009ರ ಏಪ್ರಿಲ್ 27ರಂದು ಫ್ರಾಂಕಿ ನಿಧನರಾದರು. ಆ ಹಬ್ಬಕ್ಕೆ ಸಿದ್ಧರಾಗಿದ್ದ ಶಿಷ್ಯರು ಅದನ್ನು ರದ್ದು ಮಾಡಲಿಲ್ಲ. ನ್ಯೂಯಾರ್ಕ್‌ನಲ್ಲಿ ಸೇರಿ, ಕುಣಿದೇ ಗುರುವನ್ನು ಬೀಳ್ಕೊಟ್ಟರು. ಅವರ ಜನ್ಮದಿನ ಮೇ 26 ಈಗ ವಿಶ್ವ ಲಿಂಡಿ ಹಾಪ್ ದಿನ.